ಮೇಷ್ಟ್ರ ಹೊಟ್ಟೆಗೆ ಮಧ್ಯಾಹ್ನ ಎರಡೂವರೆ

ನಮ್ಮ ಬೀದಿಯಲ್ಲಿ ಅಮೆರಿಕದಿಂದ ಯಾರು ವಾಪಸ್ಸು ಬಂದರು ಅಂತ ತಿಳಿಯೋದಕ್ಕೆ ಯಾರನ್ನೂ ವಿಚಾರಿಸಬೇಕಾಗಿಲ್ಲ. ರಾತ್ರಿ ಮೂರು ಗಂಟೆ ಹೊತ್ತಿಗೆ ನೀರು ಕುಡಿಯಲು ಎದ್ದಾಗ ಕಿಟಕಿಯಿಂದ ಒಮ್ಮೆ ಕಣ್ಣಾಡಿಸಿದರೆ ಸಾಕು. ಯಾರ ಮನೆ ಅಡುಗೆಕೋಣೆಯಲ್ಲಿ ದೀಪ ಉರಿಯುತ್ತಿದೆಯೋ ಅವರು ಬಂದಿದ್ದಾರೆ. ಚಾಕೊಲೇಟು, ಬಾದಾಮಿ, ಟಿ-ಶರ್ಟುಗಳ ಹಂಚಿಕೆ ಎಲ್ಲ ಆಮೇಲಿನ ಮಾತು.

ಈ ಸಲದ ಸರದಿ ಪಕ್ಕದ ಮನೆ ಗಣಿತದ ಮೇಷ್ಟ್ರದ್ದು. ಮಗಳ ಬಾಣಂತನಕ್ಕೆಂದು ಮೇಷ್ಟ್ರೂ ಅವರ ಹೆಂಡತಿ ಟೀಚರಮ್ಮನೂ ಸ್ಯಾನ್ ಹೋಸೆಗೆ ಹೋಗಿ, ವೀಸಾದವರು ಕೊಟ್ಟ ದಿನಗಳಲ್ಲಿ ಒಂದನ್ನೂ ಪೋಲು ಮಾಡದೆ ಇದ್ದು, ಮೊನ್ನೆ ಬಂದಿಳಿದರು. ಬಂದ ರಾತ್ರಿಯೇ ಮೂರಕ್ಕೆ ಸರಿಯಾಗಿ ಅವರ ಕುಕ್ಕರ್ ಕೂಗಿತು. ಹಿಂದೆಯೇ ಇಂಗಿನ ಒಗ್ಗರಣೆಯ ಘಮ ಕಾಂಪೌಂಡ್ ಹಾರಿ ನಮ್ಮ ಮಲಗುವ ಕೋಣೆಗೆ ಬಂತು. ಬೀದಿ ನಾಯಿಗಳಿಗೂ ಗೊಂದಲ. ಬೊಗಳಬೇಕೋ ಬಾಲ ಅಲ್ಲಾಡಿಸಬೇಕೋ ತಿಳಿಯದೆ ತೆಪ್ಪಗಾದವು.

ಬೆಳಗ್ಗೆ ಹೂ ಬಿಡಿಸುವ ಹೊತ್ತಿಗೆ ಮೇಷ್ಟ್ರು ಗೋಡೆಯಾಚೆ ಲವಲವಿಕೆಯಿಂದ ಓಡಾಡುತ್ತಿದ್ದರು. “ಏನ್ ಮೇಷ್ಟ್ರೇ, ರಾತ್ರಿ ಮೂರು ಗಂಟೆಗೆ ಹುಳಿ ಕುದೀತಿತ್ತಲ್ಲ?” ಅಂದೆ.

“ಮೂರು ಗಂಟೆ ಅನ್ನೋದು ನಿಮ್ಮ ಗೋಡೆ ಗಡಿಯಾರಕ್ಕೆ ಕಣ್ರೀ. ನನ್ನ ಹೊಟ್ಟೆಗೆ ಮಧ್ಯಾಹ್ನ ಎರಡೂವರೆ. ಊಟ ತಡವಾಯ್ತು ಅಂತ ಬೈಕೊಂಡೇ ತಿಂದೆ.”

ಲೆಕ್ಕದ ಮೇಷ್ಟ್ರಲ್ಲವೇ, ಲೆಕ್ಕ ತಪ್ಪುವುದಿಲ್ಲ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯ ತಿಂಗಳುಗಳಲ್ಲಿ ಹನ್ನೆರಡೂವರೆ ಗಂಟೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ ಅಂತರ. ನಮ್ಮ ಹಗಲು ಅವರಿಗೆ ರಾತ್ರಿ. ಅದೇ ಲೆಕ್ಕದ ಪ್ರಕಾರ ಬೆಳಗ್ಗೆ ಹನ್ನೊಂದಕ್ಕೆ, ಅಂದರೆ ಅಲ್ಲಿನ ರಾತ್ರಿ ಹತ್ತೂವರೆಗೆ, ಮೇಷ್ಟ್ರು ಜಗಲಿಯ ಕುರ್ಚಿಯಲ್ಲಿ ಪೇಪರ್ ಹರವಿಕೊಂಡು ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ತಟ್ಟೆಯಲ್ಲಿ ಅರ್ಧ ತಿಂದ ಉಪ್ಪಿಟ್ಟು, ಚಮಚ ಇನ್ನೂ ಕೈಯಲ್ಲೇ. ಕೊರಿಯರ್ ಹುಡುಗ ಎರಡು ಸಲ ಬೆಲ್ ಮಾಡಿ ನಮ್ಮ ಮನೆಗೆ ಪಾರ್ಸೆಲ್ ಕೊಟ್ಟುಹೋದ.

ಕಾಯಿಲೆ ಇಂಥದ್ದು ಅಂತ ಗೊತ್ತಾದ ಮೇಲೆ ನಮ್ಮ ಬೀದಿಯಲ್ಲಿ ವೈದ್ಯರಿಗೆ ಬರವೇ? ಅಷ್ಟು ಎತ್ತರದಲ್ಲಿ ಅಷ್ಟು ಹೊತ್ತು ಹಾರಿದರೆ ಉಷ್ಣವಾಗದೆ ಇನ್ನೇನು, ನಿಂಬೆ ಶರಬತ್ತು ಕುಡೀರಿ ಅಂತ ಎದುರುಮನೆ ಅಜ್ಜಿ. ಹೋಗಿಬಂದದ್ದು ಕಂಡು ಹೊಟ್ಟೆ ಉರಿಸಿಕೊಂಡವರ ದೃಷ್ಟಿ ತಾಗಿದೆ, ಉಪ್ಪು ಮೆಣಸಿನಕಾಯಿ ನಿವಾಳಿಸಿ ಅಂತ ಇನ್ನೊಬ್ಬರು. ವಿಮಾನದ ಸೀಟಿನಲ್ಲಿ ಮೊಣಕಾಲು ಮಡಚಿ ಕೂತ ಆಯಾಸ, ಅಷ್ಟೇ ಅಂತ ಸ್ವತಃ ಟೀಚರಮ್ಮ. ಮೂವರೂ ದೂರುವುದು ಪ್ರಯಾಣವನ್ನು. ಎಡವಟ್ಟು ಇರುವುದೇ ಅಲ್ಲಿ. ಮೇಷ್ಟ್ರನ್ನು ಹಿಡಿದಿರುವ ಜೆಟ್ ಲ್ಯಾಗಿಗೂ ಪ್ರಯಾಣದ ಆಯಾಸಕ್ಕೂ ಸಂಬಂಧ ಬಹಳ ಕಡಿಮೆ.

ಜರ್ಮನಿಯ ಫ್ರಾಂಕ್‌ಫರ್ಟಿನಿಂದ ದಕ್ಷಿಣ ಆಫ್ರಿಕಾದ ಜೊಹಾನ್ಸ್‌ಬರ್ಗಿಗೆ ಹತ್ತು ಗಂಟೆಗೂ ಹೆಚ್ಚು ಹಾರಾಟ. ಕಾಲು ಊದುತ್ತದೆ, ಬೆನ್ನು ಹಿಡಿಯುತ್ತದೆ. ಆದರೆ ಉತ್ತರದಿಂದ ದಕ್ಷಿಣಕ್ಕೆ ನೇರ ಇಳಿಯುವುದರಿಂದ ಗಡಿಯಾರದ ಮುಳ್ಳು ಹೆಚ್ಚೆಂದರೆ ಒಂದು ಗಂಟೆ ಸರಿದೀತು. ಒಂದು ರಾತ್ರಿ ಮಲಗೆದ್ದರೆ ಮನುಷ್ಯ ಹೊಸಬನಾಗುತ್ತಾನೆ. ಜೆಟ್ ಲ್ಯಾಗ್ ಬರುವುದು ಪೂರ್ವಪಶ್ಚಿಮ ಹಾರಿದಾಗ, ಅದೂ ಹಾರಿದ ದೂರದಿಂದಲ್ಲ, ದಾಟಿದ ಕಾಲವಲಯಗಳಿಂದ. ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋಗೂ ನಡುವೆ ಏರ್ ಇಂಡಿಯಾದ ನೇರ ವಿಮಾನ 2021ರ ಜನವರಿಯಲ್ಲಿ ಶುರುವಾದಾಗ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಜೊತೆಯ ಮಹಿಳಾ ಪೈಲಟ್‌ಗಳು ಉತ್ತರ ಧ್ರುವದ ಮೇಲಿಂದಲೇ ಹಾರಿಬಂದರು. ಧ್ರುವದ ಮೇಲಿಂದ ಬನ್ನಿ, ಫ್ರಾಂಕ್‌ಫರ್ಟಿನ ಮೇಲಿಂದ ಬನ್ನಿ, ಸಿಂಗಪುರದ ಮೇಲಿಂದ ಬನ್ನಿ, ಇಳಿದ ಊರಿನ ಸೂರ್ಯ ಯಾವಾಗ ಹುಟ್ಟಿದ ಅನ್ನುವುದಷ್ಟೇ ತಲೆಯೊಳಗಿನ ಗಡಿಯಾರಕ್ಕೆ ಬೇಕು. ದಾರಿ ಯಾವುದು ಅಂತ ಅದು ಕೇಳುವುದಿಲ್ಲ.

ಹಿಂದಿನವರಿಗೆ ಈ ರಗಳೆ ಇರಲಿಲ್ಲ. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋದದ್ದು ಹಡಗಿನಲ್ಲಿ. ಹಡಗು ಪೂರ್ವಕ್ಕೆ ತೆವಳಿದಂತೆಲ್ಲ ದಿನಕ್ಕೆ ಅರ್ಧ ಗಂಟೆಯೋ ಇನ್ನೂ ಕಡಿಮೆಯೋ ಸಮಯ ಬದಲಾಗುತ್ತದೆ, ಅಷ್ಟನ್ನು ದೇಹ ಸದ್ದಿಲ್ಲದೆ ಹೊಂದಿಸಿಕೊಳ್ಳುತ್ತದೆ. ತೊಡಕು ಮೊದಲು ಕಂಡದ್ದು ವಿಮಾನದವರಿಗೆ. ಅಮೆರಿಕದ ಒಕ್ಕಣ್ಣಿನ ಪೈಲಟ್ ವೈಲಿ ಪೋಸ್ಟ್ 1931ರಲ್ಲಿ ಹೆರಾಲ್ಡ್ ಗ್ಯಾಟಿಯನ್ನು ಕೂರಿಸಿಕೊಂಡು ಎಂಟು ದಿನ ಹದಿನೈದು ಗಂಟೆ ಐವತ್ತೊಂದು ನಿಮಿಷದಲ್ಲಿ ಭೂಮಿ ಸುತ್ತಿದ. ಆ ಹಾರಾಟಕ್ಕೆ ಅವನು ಎಂಜಿನ್ನಿನ ಜೊತೆ ತನ್ನ ನಿದ್ದೆಯನ್ನೂ ಸಜ್ಜು ಮಾಡಿಕೊಂಡಿದ್ದ. ಹೊತ್ತಲ್ಲದ ಹೊತ್ತಿನಲ್ಲಿ ಮಲಗಿ ಏಳುವ ಅಭ್ಯಾಸವನ್ನು ಮುಂಚೆಯೇ ಮಾಡಿದ್ದ. 1950ರ ದಶಕದಲ್ಲಿ ಜೆಟ್ ವಿಮಾನಗಳು ಬಂದ ಮೇಲೆ ಆ ಅನುಭವ ಟಿಕೆಟ್ ಕೊಂಡವರಿಗೆಲ್ಲ ಸಿಕ್ಕಿತು.

“ಅದೆಲ್ಲ ಸರಿ. ಒಳಗೆ ಗಡಿಯಾರ ಇದೆ ಅಂತೀರಲ್ಲ, ಪ್ರೂಫ್ ಏನು?” ಮೇಷ್ಟ್ರು ಸಿದ್ಧಾಂತ ಒಪ್ಪುವುದು ಸಾಧನೆ ಆದ ಮೇಲೆಯೇ.

ಪ್ರೂಫು ನಮ್ಮಿಬ್ಬರ ಗೋಡೆಯ ಬುಡದಲ್ಲೇ ಹಬ್ಬಿತ್ತು. ಮುಟ್ಟಿದರೆ ಮುನಿ. 1729ರಲ್ಲಿ ಫ್ರಾನ್ಸಿನ ಖಗೋಳಜ್ಞ ಡಿ ಮೆರಾನ್ ಈ ಜಾತಿಯ ಗಿಡವನ್ನು ಕತ್ತಲ ಜಾಗದಲ್ಲಿಟ್ಟು ನೋಡಿದ. ಬಿಸಿಲಿನ ಸುಳಿವೇ ಇಲ್ಲದಿದ್ದರೂ ಹಗಲಾದಾಗ ಎಲೆ ಬಿಚ್ಚಿತು, ರಾತ್ರಿಯಾದಾಗ ಮಡಚಿತು. ಸೂರ್ಯ ಎಲ್ಲಿದ್ದಾನೆ ಅನ್ನುವುದು ಗಿಡಕ್ಕೆ ಒಳಗಿಂದಲೇ ಗೊತ್ತಿತ್ತು. ಇನ್ನೂರ ನಲವತ್ತು ವರ್ಷ ಕಳೆದ ಮೇಲೆ, 1971ರಲ್ಲಿ, ಅಮೆರಿಕದ ಸೀಮೋರ್ ಬೆಂಜರ್ ಮತ್ತು ರೊನಾಲ್ಡ್ ಕೊನೋಪ್ಕಾ ಹಣ್ಣಿನ ನೊಣದಲ್ಲಿ ಈ ಲಯವನ್ನು ನಡೆಸುವ ಜೀನನ್ನು ಪತ್ತೆಹಚ್ಚಿದರು. ಬಾಳೆಹಣ್ಣಿನ ಮೇಲೆ ಮುತ್ತುತ್ತದಲ್ಲ, ಅದೇ ಗುಂಗಾಡು. ಆ ಜೀನ್ ಒಂದು ಪ್ರೋಟೀನ್ ಮಾಡಿಸುತ್ತದೆ. ಪ್ರೋಟೀನ್ ರಾತ್ರಿಯೆಲ್ಲ ಜಮಾ ಆಗಿ ಕೊನೆಗೆ ತನ್ನನ್ನು ಮಾಡಿಸುವ ಜೀನನ್ನೇ ನಿಲ್ಲಿಸುತ್ತದೆ. ಹಗಲು ಅದು ಕರಗಿಹೋದ ಮೇಲೆ ಜೀನ್ ಮತ್ತೆ ಕೆಲಸಕ್ಕೆ ಹತ್ತುತ್ತದೆ. ಒಂದು ಸುತ್ತಿಗೆ ಹತ್ತಿರ ಹತ್ತಿರ ಇಪ್ಪತ್ನಾಲ್ಕು ಗಂಟೆ. ಈ ಗುಟ್ಟು ಬಿಡಿಸಿದ್ದಕ್ಕೆ ಜೆಫ್ರಿ ಹಾಲ್, ಮೈಕೆಲ್ ರೋಸ್‌ಬಾಶ್, ಮೈಕೆಲ್ ಯಂಗ್ ಅವರಿಗೆ 2017ರ ನೊಬೆಲ್ ಬಂತು.

ಮನುಷ್ಯನಲ್ಲಿ ಈ ಒಳಗಡಿಯಾರದ ಕೇಂದ್ರ ಕಚೇರಿ ಮಿದುಳಿನ ತಳದಲ್ಲಿದೆ. ಎರಡೂ ಕಣ್ಣಿನ ನರಗಳು ಅಡ್ಡಹಾಯುವ ಜಾಗದ ನೆತ್ತಿಯ ಮೇಲೆ, ಎಡಕ್ಕೊಂದು ಬಲಕ್ಕೊಂದು, ಅಕ್ಕಿಕಾಳಿಗಿಂತ ಚಿಕ್ಕ ಗಂಟು. ಹೆಸರು ಮಾತ್ರ ದೊಡ್ಡದು: ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್. ಎರಡೂ ಸೇರಿ ಸುಮಾರು 20,000 ನರಕೋಶ. ಇಡೀ ದೇಹದ ನಿದ್ದೆ, ಎಚ್ಚರ, ಮೈಬಿಸಿ, ಹಾರ್ಮೋನುಗಳ ಏರಿಳಿತಕ್ಕೆ ಇಲ್ಲಿಂದಲೇ ಅಪ್ಪಣೆ. 1990ರಲ್ಲಿ ವಿಜ್ಞಾನಿಗಳು ಇಪ್ಪತ್ತು ಗಂಟೆಗೇ ಒಂದು ದಿನ ಮುಗಿಸುವ ವಿಚಿತ್ರ ಹ್ಯಾಮ್‌ಸ್ಟರ್ ಇಲಿಯ ಈ ಗಂಟನ್ನು ತೆಗೆದು, ಗಂಟು ಕಳೆದುಕೊಂಡ ಮಾಮೂಲಿ ಹ್ಯಾಮ್‌ಸ್ಟರಿನ ತಲೆಗೆ ಕಸಿ ಮಾಡಿದರು. ಅದೂ ಇಪ್ಪತ್ತು ಗಂಟೆಯ ದಿನ ನಡೆಸತೊಡಗಿತು. ಮೇಷ್ಟ್ರಿಗೆ ಈ ಸಾಧನೆ ಹಿಡಿಸಿತು. “ಕ್ಯೂ.ಇ.ಡಿ.” ಅಂದರು.

ಈ ಗಡಿಯಾರಕ್ಕೆ ಕೀ ಕೊಡುವುದು ಬೆಳಕು. ನೋಡುವುದಕ್ಕೆ ಕಣ್ಣಿನಲ್ಲಿ ಒಂದು ಬಗೆಯ ಕೋಶಗಳಿದ್ದರೆ, ಹೊತ್ತು ತಿಳಿಸುವುದಕ್ಕೆಂದೇ ಬೇರೆ ಕೋಶಗಳಿವೆ. ಅವಕ್ಕೆ ಚಿತ್ರ ಬೇಡ, ಆಕಾಶದ ನೀಲಿ ಬೆಳಕು ಎಷ್ಟಿದೆ ಅನ್ನುವ ವರದಿ ಸಾಕು. ಏನೂ ಕಾಣದ ಕುರುಡರಲ್ಲೂ ಈ ಕೋಶಗಳು ಉಳಿದಿದ್ದರೆ ಹಗಲು ರಾತ್ರಿಯ ಲಯ ಸರಿಯಾಗಿಯೇ ಇರುತ್ತದೆ. ಕಣ್ಣನ್ನೇ ಕಳೆದುಕೊಂಡ ಹಲವರಿಗೆ ಮಾತ್ರ ದಿನದಿನವೂ ನಿದ್ದೆಯ ಹೊತ್ತು ಒಂದಿಷ್ಟು ಮುಂದೆ ಜಾರುತ್ತ ಹೋಗುತ್ತದೆ.

ಜಾರುವುದೇಕೆಂದರೆ ನಮ್ಮ ಒಳಗಡಿಯಾರ ಸ್ವಭಾವದಲ್ಲೇ ಸ್ವಲ್ಪ ನಿಧಾನ. 1962ರಲ್ಲಿ ಮಿಶೆಲ್ ಸಿಫ್ರ್ ಅನ್ನುವ ಇಪ್ಪತ್ತಮೂರರ ಫ್ರೆಂಚ್ ತರುಣ ಕೈಗಡಿಯಾರವನ್ನೂ ಬಿಟ್ಟು ಆಲ್ಪ್ಸ್ ಪರ್ವತದ ಹಿಮದ ಗುಹೆಯೊಳಗೆ ಎರಡು ತಿಂಗಳು ಕೂತ. ಹೊರಗಿನವರಿಗೆ ಫೋನ್ ಮಾಡಿ, ಸೆಕೆಂಡಿಗೊಂದರಂತೆ ಒಂದರಿಂದ ನೂರಿಪ್ಪತ್ತು ಎಣಿಸುವುದು ಅವನ ನಿತ್ಯದ ಪರೀಕ್ಷೆ. ಎರಡು ನಿಮಿಷದ ಎಣಿಕೆಗೆ ಐದು ನಿಮಿಷ ಹಿಡಿಯುವಷ್ಟು ಕಾಲದ ಅಂದಾಜು ಕೆಟ್ಟಿತ್ತು. ಸೆಪ್ಟೆಂಬರ್ 14ರಂದು ಮುಗೀತು ಬಾರಪ್ಪ ಅಂತ ಕರೆದರೆ, ಅವನ ಡೈರಿಯಲ್ಲಿ ಇನ್ನೂ ಆಗಸ್ಟ್ 20! ಮನಸ್ಸು ದಾರಿ ತಪ್ಪಿದ್ದರೂ ಮೈ ಮಾತ್ರ ಇಪ್ಪತ್ನಾಲ್ಕು ಗಂಟೆಗೆ ತುಸು ಹೆಚ್ಚು ಲೆಕ್ಕದಲ್ಲಿ ಮಲಗಿ ಏಳುತ್ತಿತ್ತು. ನಮ್ಮ ದೇಶದಲ್ಲೂ ಇಂಥ ಕೆಲಸ ಆಗಿದೆ. ಎಂ.ಕೆ. ಚಂದ್ರಶೇಖರನ್ ಮದುರೈ ಕಾಮರಾಜ್ ವಿಶ್ವವಿದ್ಯಾಲಯದಲ್ಲಿ ಹೊರಜಗತ್ತಿನ ಬೆಳಕು, ಗಡಿಯಾರ ಯಾವುದೂ ತಾಕದ ಕೋಣೆ ಕಟ್ಟಿಸಿ ಸ್ವಯಂಸೇವಕರನ್ನು ಇರಿಸಿ ಅಧ್ಯಯನ ನಡೆಸಿದರು. ಆಮೇಲೆ ಅವರು ನಮ್ಮ ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. 1999ರಲ್ಲಿ ಹಾರ್ವರ್ಡಿನ ಚಾರ್ಲ್ಸ್ ಜೈಸ್ಲರ್ ತಂಡ ಕರಾರುವಾಕ್ಕಾಗಿ ಅಳೆದಾಗ ಮನುಷ್ಯನ ಒಳದಿನದ ಸರಾಸರಿ 24 ಗಂಟೆ 11 ನಿಮಿಷ.

ಆ ಹನ್ನೊಂದು ನಿಮಿಷದ ಸೋಮಾರಿತನದಿಂದಾಗಿ ದಿನವನ್ನು ಹಿಗ್ಗಿಸುವುದು ನಮಗೆ ಸುಲಭ, ಕುಗ್ಗಿಸುವುದು ಕಷ್ಟ. ಪಶ್ಚಿಮಕ್ಕೆ ಹಾರಿದರೆ ದಿನ ಉದ್ದವಾಗುತ್ತದೆ, ದೇಹ ದಿನಕ್ಕೆ ಸುಮಾರು ಒಂದೂವರೆ ಗಂಟೆ ಹೊಂದಿಕೊಳ್ಳುತ್ತದೆ. ಪೂರ್ವಕ್ಕೆ ಹಾರಿದರೆ ದಿನಕ್ಕೊಂದೇ ಗಂಟೆ. ಹನ್ನೆರಡೂವರೆ ಗಂಟೆಯ ವ್ಯತ್ಯಾಸಕ್ಕೆ ಪೂರ್ವವೂ ಒಂದೇ ಪಶ್ಚಿಮವೂ ಒಂದೇ, ದೇಹ ಸಾಮಾನ್ಯವಾಗಿ ಹಿಗ್ಗಿಸುವ ದಾರಿಯನ್ನೇ ಹಿಡಿಯುತ್ತದೆ. ಆದರೂ ಎಂಟರಿಂದ ಹನ್ನೆರಡು ದಿನದ ಕೆಲಸ. “ಅಂದ್ರೆ ನಾನು ಇನ್ನೊಂದು ವಾರ ಮಧ್ಯಾಹ್ನದ ಊಟ ರಾತ್ರಿ ಮಾಡ್ತೀನಿ ಅನ್ನಿ” ಅಂತ ಮೇಷ್ಟ್ರು ನಿಟ್ಟುಸಿರು ಬಿಟ್ಟರು.

ಇಲ್ಲಿಯವರೆಗೆ ಒಂದೇ ಗಡಿಯಾರದ ಮಾತಾಯಿತು. ಅಸಲಿ ಫಜೀತಿ ಏನೆಂದರೆ ಮಿದುಳಿನ ಗಡಿಯಾರ ಯಜಮಾನ ಮಾತ್ರ. ಪಿತ್ತಜನಕಾಂಗ, ಕರುಳು, ಹೃದಯ, ಸ್ನಾಯುಗಳಿಗೆಲ್ಲ ತಂತಮ್ಮ ಗಡಿಯಾರಗಳಿವೆ. ಮಿದುಳು ಬೆಳಕು ನೋಡಿ ತಿದ್ದಿಕೊಂಡರೆ ಪಿತ್ತಜನಕಾಂಗ ಊಟದ ಹೊತ್ತು ನೋಡಿ ತಿದ್ದಿಕೊಳ್ಳುತ್ತದೆ, ಒಂದೊಂದರ ವೇಗ ಒಂದೊಂದು. ಮದುವೆಮನೆಯಲ್ಲಿ ಮುಹೂರ್ತ ಮುಂದಕ್ಕೆ ಹೋಯಿತು ಅನ್ನಿ. ಪುರೋಹಿತರಿಗೆ ಮಾತ್ರ ಗೊತ್ತು. ಅಡುಗೆಯವರು ಹಳೇ ಹೊತ್ತಿಗೇ ಎಲೆ ಹಾಕಿಸಿದ್ದಾರೆ, ವಾಲಗದವರು ಊದಿ ಮುಗಿಸಿ ಕಾಫಿಗೆ ಹೋಗಿದ್ದಾರೆ, ಗಂಡಿನ ಕಡೆಯ ಬಸ್ಸು ತುಮಕೂರು ದಾಟಿಲ್ಲ. ಯಾರೂ ತಪ್ಪು ಮಾಡಿಲ್ಲ, ಆದರೆ ಮದುವೆ ನಡೆಯುತ್ತಿಲ್ಲ. ಅಮೆರಿಕದಿಂದ ಬಂದವರ ಮೊದಲ ವಾರದ ಮಲಬದ್ಧತೆ, ಹುಳಿತೇಗು, ಅನ್ನ ಕಂಡರೆ ಬೇಡ ಅನ್ನಿಸುವುದು, ಹೊತ್ತಲ್ಲದ ಹೊತ್ತಿನಲ್ಲಿ ಹೊಟ್ಟೆ ಚುರುಗುಟ್ಟುವುದು ಎಲ್ಲ ಇದೇ ಅಧ್ವಾನ.

ಇನ್ನು ತಲೆಯ ವಿಷಯ. ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಅನ್ನುವ ರಾಸಾಯನಿಕ ಸೇರುತ್ತ ನಿದ್ದೆಯ ಒತ್ತಡ ಏರಿಸುತ್ತದೆ. ಒಳಗಡಿಯಾರ ಇನ್ನೊಂದು ಕಡೆಯಿಂದ ‘ಈಗ ಹಗಲು, ಏಳು’ ಅಂತ ಎಬ್ಬಿಸುತ್ತದೆ. ಇವೆರಡೂ ಕೈ ಜೋಡಿಸಿದರೆ ಸೊಗಸಾದ ನಿದ್ದೆ. ಜೆಟ್ ಲ್ಯಾಗಿನಲ್ಲಿ ಎರಡೂ ಎದುರುಬದುರು. ಮೇಷ್ಟ್ರಿಗೆ ಹನ್ನೊಂದು ಗಂಟೆಗೆ ಉಪ್ಪಿಟ್ಟಿನ ಮೇಲೆ ನಿದ್ದೆ, ರಾತ್ರಿ ಹಾಸಿಗೆ ಹಾಸಿದರೆ ಕಣ್ಣು ಬೆಳಗ್ಗೆಯಷ್ಟು ಚುರುಕು.

ಇಂಥ ಹೊತ್ತಿನಲ್ಲಿ ಮೊದಲು ಕೈಕೊಡುವುದು ಗಮನ, ಆಮೇಲೆ ನೆನಪು, ಮೂರನೆಯದು ಸಿಡುಕು. ಟೀಚರಮ್ಮ ಬೀರುವಿನ ಕೀ ಹುಡುಕಿ ಹುಡುಕಿ ಸುಸ್ತಾದರು. ಕೊನೆಗೆ ಸಿಕ್ಕಿದ್ದು ಫ್ರಿಜ್ಜಿನಲ್ಲಿ, ಕೊತ್ತಂಬರಿ ಸೊಪ್ಪಿನ ಡಬ್ಬದೊಳಗೆ. ಮಗನ ಹೆಂಡತಿ ಹಾಲಿಗೆ ಹೆಪ್ಪು ಹಾಕಲು ಮರೆತದ್ದಕ್ಕೆ ಅರ್ಧ ಗಂಟೆ ಭಾಷಣವಾಯಿತು. ಸೊಸೆ ಕಣ್ಣೀರು ಹಾಕಿದಳು. ಇದರಲ್ಲಿ ಅತ್ತೆಯ ಪಾಲೆಷ್ಟು ಅಮಿಗ್ಡಲಾದ ಪಾಲೆಷ್ಟು ಅಂತ ವಿಂಗಡಿಸುವುದು ಕಷ್ಟ. ಅಮಿಗ್ಡಲಾ ಅಂದರೆ ಮಿದುಳಿನಲ್ಲಿ ಭಯ, ಕೋಪಗಳನ್ನು ಹೊತ್ತಿಸುವ ಭಾಗ. ಅದಕ್ಕೆ ಕಡಿವಾಣ ಹಾಕುವುದು ಹಣೆಯ ಹಿಂದಿನ ಭಾಗ. 2007ರಲ್ಲಿ ಮ್ಯಾಥ್ಯೂ ವಾಕರ್ ಮತ್ತು ಜೊತೆಯವರು ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಿದುಳನ್ನು ಸ್ಕ್ಯಾನ್ ಮಾಡಿದಾಗ, ಮನ ಕಲಕುವ ಚಿತ್ರಗಳಿಗೆ ಅವರ ಅಮಿಗ್ಡಲಾ ಸುಮಾರು ಶೇ. 60ರಷ್ಟು ಹೆಚ್ಚಾಗಿ ಉರಿಯುತ್ತಿತ್ತು, ಕಡಿವಾಣದ ಸಂಪರ್ಕ ಸಡಿಲವಾಗಿತ್ತು. ಹೆಪ್ಪಿನ ಜಗಳಕ್ಕೆ ಇಷ್ಟು ಸಾಕಲ್ಲ.

ಆಟಗಾರರನ್ನೂ ಇದು ಬಿಟ್ಟಿಲ್ಲ. ಅಮೆರಿಕದ ಬೇಸ್‌ಬಾಲ್ ಲೀಗಿನ ಇಪ್ಪತ್ತು ವರ್ಷಗಳ 46,000ಕ್ಕೂ ಹೆಚ್ಚು ಪಂದ್ಯಗಳನ್ನು ಜಾಲಾಡಿದ ಅಧ್ಯಯನವೊಂದು 2017ರಲ್ಲಿ ಬಂತು. ಆ ಲೀಗಿನ ಊರುಗಳಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರೂ ಆಗುವ ವ್ಯತ್ಯಾಸ ಮೂರೇ ಗಂಟೆ. ಅಷ್ಟಕ್ಕೇ, ಅದರಲ್ಲೂ ಪೂರ್ವಕ್ಕೆ ಹಾರಿ ಬಂದ ತಂಡಗಳ ರನ್ ಓಟ ಮಂಕಾಗಿತ್ತು, ಚೆಂಡು ಎಸೆಯುವವರು ಹೋಮ್‌ರನ್ ಹೆಚ್ಚು ಕೊಟ್ಟಿದ್ದರು.

ವರ್ಷಗಟ್ಟಲೆ ಇದೇ ಬಾಳಾದವರ ಕಥೆ ಇನ್ನೂ ಗಂಭೀರ. ಕ್ವಾಂಗ್‌ವುಕ್ ಚೋ ಅನ್ನುವ ವಿಜ್ಞಾನಿ 2001ರಲ್ಲಿ ಐದು ವರ್ಷ ಗಗನಸಖಿಯರಾಗಿ ದುಡಿದ ಇಪ್ಪತ್ತು ಯುವತಿಯರನ್ನು ಪರೀಕ್ಷಿಸಿದರು. ಏಳಕ್ಕೂ ಹೆಚ್ಚು ಕಾಲವಲಯ ದಾಟುವ ಒಂದು ಹಾರಾಟಕ್ಕೂ ಮುಂದಿನದಕ್ಕೂ ನಡುವೆ ಹದಿನಾಲ್ಕು ದಿನ ಬಿಡುವು ಸಿಕ್ಕಿದವರು ಚೆನ್ನಾಗಿದ್ದರು. ಐದು ದಿನದೊಳಗೇ ಮತ್ತೆ ಹಾರಿದವರ ಮಿದುಳಿನ ಬಲ ಕಿವಿಯತ್ತಣ ಭಾಗ, ನೆನಪಿನ ಕೆಲಸ ನಡೆಯುವ ಜಾಗ, ಕಿರಿದಾಗಿತ್ತು. ಯಾವುದು ಎಲ್ಲಿತ್ತು ಅನ್ನುವ ನೆನಪಿನ ಪರೀಕ್ಷೆಯಲ್ಲೂ ಹಿಂದೆ ಬಿದ್ದರು. 2010ರಲ್ಲಿ ಬರ್ಕ್ಲಿಯ ವಿಜ್ಞಾನಿಗಳು ಹ್ಯಾಮ್‌ಸ್ಟರುಗಳಿಗೆ ಮೂರು ದಿನಕ್ಕೊಮ್ಮೆ ಆರು ಗಂಟೆ ಮುಂದೆ ಸರಿಸಿದ ಹಗಲು ತೋರಿಸಿದಾಗ, ನೆನಪಿನ ಕೇಂದ್ರ ಹಿಪೊಕ್ಯಾಂಪಸ್ಸಿನಲ್ಲಿ ಹೊಸ ನರಕೋಶಗಳ ಹುಟ್ಟು ಅರ್ಧಕ್ಕರ್ಧ ಇಳಿದಿತ್ತು. ಆಟ ನಿಲ್ಲಿಸಿ ನಾಲ್ಕು ವಾರ ಕಳೆದರೂ ಕಲಿಕೆ ಮಂಕಾಗಿಯೇ ಇತ್ತು. ವರ್ಷಕ್ಕೊಮ್ಮೆ ಮೊಮ್ಮಗುವನ್ನು ನೋಡಿಬರುವವರು ಇದನ್ನು ಓದಿ ಎದೆ ಒಡೆದುಕೊಳ್ಳಬೇಕಾಗಿಲ್ಲ. ಹಾನಿ ಹಾರಾಟದಲ್ಲಿಲ್ಲ, ಬಿಡುವಿಲ್ಲದ ಹಾರಾಟದಲ್ಲಿದೆ.

“ಹಾಗಾದ್ರೆ ಮಗಳ ಮನೆಗೆ ಹೋದಾಗ ಅವಳಿಗೆ ಏನೂ ಆಗಲೇ ಇಲ್ವಲ್ಲ?” ಟೀಚರಮ್ಮನನ್ನು ತೋರಿಸಿ ಮೇಷ್ಟ್ರು ಪಾಟೀ ಸವಾಲು ಹಾಕಿದರು. ಆಗಿತ್ತು, ಗೊತ್ತಾಗಲಿಲ್ಲ ಅಷ್ಟೆ. ಹುಟ್ಟಿದ ಮಗುವಿಗೆ ಮೊದಲ ಎರಡು ಮೂರು ತಿಂಗಳು ಹಗಲು ರಾತ್ರಿಯ ಲಯವೇ ಕೂತಿರುವುದಿಲ್ಲ. ರಾತ್ರಿ ಎರಡಕ್ಕೆ ಕಣ್ಣರಳಿಸಿ ಮಲಗಿರುತ್ತದೆ. ತಾಯಿಯ ಮೈಯಲ್ಲಿ ಕತ್ತಲಾದ ಮೇಲೆ ಸ್ರವಿಸುವ ಮೆಲಟೋನಿನ್ ರಾತ್ರಿಯ ಎದೆಹಾಲಿನಲ್ಲಿ ಮಗುವಿಗೆ ಸಲ್ಲುತ್ತದೆ, ಹಗಲಿನ ಹಾಲಿನಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ; ಹಾಲಿನ ಮೂಲಕವೇ ಹೊತ್ತಿನ ಪಾಠ. ಆ ರಾತ್ರಿಗಳಲ್ಲಿ ಮಗುವನ್ನು ಎತ್ತಿಕೊಂಡು ತಿರುಗಲು ಮನೆಯಲ್ಲಿ ಯಾರಿಗೆ ಶಕ್ತಿಯಿತ್ತು? ಕ್ಯಾಲಿಫೋರ್ನಿಯಾದ ರಾತ್ರಿ ಎರಡು ಅಂದರೆ ಬೆಂಗಳೂರಿನ ಮಧ್ಯಾಹ್ನ ಎರಡೂವರೆ, ಊಟ ಮುಗಿಸಿ ತಾಂಬೂಲ ಹಾಕುವ ಹೊತ್ತು. ನಡುರಾತ್ರಿ ಮೊಮ್ಮಗುವಿಗೆ ಜೋಗುಳ ಹಾಡಲು ಜಗತ್ತಿನಲ್ಲಿ ಅತ್ಯಂತ ತಕ್ಕ ವ್ಯಕ್ತಿ ಅಂದರೆ ಮೊನ್ನೆ ತಾನೇ ಇಂಡಿಯಾದಿಂದ ಇಳಿದ ಅಜ್ಜಿ. ಸಾವಿರಾರು ಕನ್ನಡದ ಅಜ್ಜಿಯರು ಸಾಫ್ಟ್‌ವೇರ್ ಅಳಿಯಂದಿರನ್ನು ಬೆಳಗ್ಗೆ ಆಫೀಸಿಗೆ ಹೋಗುವಷ್ಟು ಗಟ್ಟಿಯಾಗಿ ಇಟ್ಟಿರುವುದು ಜೆಟ್ ಲ್ಯಾಗಿನ ಕೃಪೆಯಿಂದಲೇ.

ಮಹಡಿ ಮನೆಯ ಬಾಡಿಗೆ ಹುಡುಗ ಗೇಟು ತೆಗೆದು ಒಳಬಂದ. ರಾತ್ರಿಯೆಲ್ಲ ಅಮೆರಿಕದ ಗಿರಾಕಿಗಳ ಕಂಪ್ಯೂಟರ್ ರಿಪೇರಿ, ಬೆಳಗಾದ ಮೇಲೆ ಕ್ಯಾಬ್‌ನಲ್ಲಿ ಮನೆ, ಭಾನುವಾರ ಮಾತ್ರ ಎಲ್ಲರ ಹಾಗೆ ಹಗಲು ಎಚ್ಚರ. “ಅಂಕಲ್, ನಂದು ಪಾಸ್‌ಪೋರ್ಟ್ ಕೂಡ ಇಲ್ಲ, ಈ ಕಾಯಿಲೆ ಮೂರು ವರ್ಷದಿಂದ ಇದೆ” ಅಂತ ನಕ್ಕು ಮೆಟ್ಟಿಲು ಹತ್ತಿದ. ನಗುವ ವಿಷಯವಲ್ಲ. ಹಗಲು ರಾತ್ರಿಯ ಲಯ ಕೆಡಿಸುವ ಪಾಳಿ ಕೆಲಸ ಕ್ಯಾನ್ಸರ್ ತರುವ ಸಂಭವವಿದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2007ರಲ್ಲೇ ಹೇಳಿದೆ. ಮೇಷ್ಟ್ರ ಗಡಿಯಾರ ಇನ್ನೊಂದು ವಾರದಲ್ಲಿ ದಾರಿಗೆ ಬರುತ್ತದೆ. ಕೂತಲ್ಲಿಂದಲೇ ವಾರವಾರ ನ್ಯೂಯಾರ್ಕಿಗೆ ಹೋಗಿ ಬಂದು ಮಾಡುವ ಈ ಹುಡುಗನ ಗಡಿಯಾರಕ್ಕೆ ಆ ವಾರವೇ ಸಿಗುವುದಿಲ್ಲ.

ಮದ್ದಿಲ್ಲವೇ ಅಂದರೆ ಇದೆ, ಪುಕ್ಕಟೆಯದು. ಬಿಸಿಲು. ಆದರೆ ಮದ್ದಿಗೆ ಹೊತ್ತು ಮುಖ್ಯ. ಮೈಬಿಸಿ ತೀರಾ ಇಳಿಯುವುದು ಏಳುವುದಕ್ಕೆ ಎರಡು ಮೂರು ಗಂಟೆ ಮುಂಚೆ. ಅದಕ್ಕೂ ಮೊದಲು ಬೆಳಕು ಕಂಡರೆ ಗಡಿಯಾರ ಹಿಂದೆ ಸರಿಯುತ್ತದೆ, ಆಮೇಲೆ ಕಂಡರೆ ಮುಂದೆ. ಕ್ಯಾಲಿಫೋರ್ನಿಯಾದಿಂದ ಬಂದವರಿಗೆ ಮೊದಲ ದಿನ ಆ ಗಳಿಗೆ ಬೀಳುವುದು ನಮ್ಮ ಸಂಜೆ ನಾಲ್ಕೂವರೆಯ ಆಸುಪಾಸಿಗೆ. ಅಂದರೆ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗಿನ ಬಿಸಿಲು ಅವರ ಗಡಿಯಾರವನ್ನು ಎಲ್ಲಕ್ಕಿಂತ ಗಟ್ಟಿಯಾಗಿ ನೂಕುತ್ತದೆ. ನಮ್ಮವರು ಪರದೆ ಎಳೆದು, ಫ್ಯಾನ್ ಹಾಕಿ, ಯಾರೂ ಎಬ್ಬಿಸಬೇಡಿ ಅಂತ ಮಲಗುವುದೂ ಅದೇ ಹೊತ್ತಿಗೆ! ಆಗದು ಅನ್ನಿಸಿದರೆ ಅರ್ಧ ಗಂಟೆ ಕಣ್ಣು ಮುಚ್ಚಲಿ, ಮಿಕ್ಕದ್ದು ಜಗಲಿಯಲ್ಲಿ ಕಳೆಯಲಿ. ಕಾಫಿ ಅಡಿನೋಸಿನ್ನಿನ ಜಾಗದಲ್ಲಿ ತಾನು ಕೂತು ನಿದ್ದೆ ತಡೆಯುತ್ತದೆ, ಆದರೆ ಐದಾರು ಗಂಟೆ ಕಳೆದರೂ ಅದರ ಅರ್ಧ ಮೈಯಲ್ಲೇ ಇರುತ್ತದೆ. ಆದ್ದರಿಂದ ಬೆಳಗ್ಗೆ ಎರಡು ಲೋಟ ಫಿಲ್ಟರ್ ಕಾಫಿ ಬೇಕಾದರೆ ಕುಡಿಯಲಿ, ಮಧ್ಯಾಹ್ನದ ಮೇಲೆ ಬೇಡ. ಊಟ ಮಾತ್ರ ಮೊದಲ ದಿನದಿಂದಲೇ ಇಲ್ಲಿನ ಹೊತ್ತಿಗೆ. ಮಗಳು ಕೊಟ್ಟು ಕಳಿಸಿದ ಮೆಲಟೋನಿನ್ ಡಬ್ಬಿಯನ್ನು ವೈದ್ಯರಿಗೆ ತೋರಿಸಿ, ತೆಗೆದುಕೊಳ್ಳುವುದಿದ್ದರೆ ಇಲ್ಲಿನ ರಾತ್ರಿ ಮಲಗುವ ಮುಂಚೆ ಮಾತ್ರ. ಸಕ್ಕರೆ ಕಾಯಿಲೆಯವರು, ಇನ್ಸುಲಿನ್ ತೆಗೆದುಕೊಳ್ಳುವವರು ಹೊರಡುವ ಮುಂಚೆಯೇ ಡಾಕ್ಟರ ಬಳಿ ಹೊತ್ತಿನ ಪಟ್ಟಿ ಬರೆಸಿಕೊಳ್ಳಬೇಕು. ಒಳಗಡಿಯಾರಕ್ಕೆ ರಾತ್ರಿಯಾದಾಗ ಉಂಡರೆ ರಕ್ತದ ಸಕ್ಕರೆ ಹೆಚ್ಚು ಏರುತ್ತದೆ.

“ಇಷ್ಟು ಹಟಮಾರಿ ಗಡಿಯಾರ ಯಾಕೆ ಬೇಕಿತ್ತು?” ಅಂದರು ಮೇಷ್ಟ್ರು. ಹಟವೇ ಅದರ ಗುಣ. ಅದರ ನರಕೋಶಗಳು ಒಂದರ ಕೈ ಒಂದು ಬಿಗಿಹಿಡಿದು ಲಯ ಕಾಯುತ್ತವೆ. ಆ ಹಿಡಿತಕ್ಕೆ ಬೇಕಾದ ವಾಸೊಪ್ರೆಸ್ಸಿನ್ ಗ್ರಾಹಕಗಳನ್ನು ಕ್ಯೋಟೋ ವಿಶ್ವವಿದ್ಯಾಲಯದ ಹಿತೋಶಿ ಒಕಾಮುರಾ ತಂಡ ಇಲಿಗಳಿಂದ ತೆಗೆದುಹಾಕಿ ನೋಡಿತು. 2013ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆ ಇಲಿಗಳು ಹೊಸ ಹಗಲಿಗೆ ಕೂಡಲೇ ಹೊಂದಿಕೊಂಡವು. ಕೇಳುವುದಕ್ಕೆ ಚೆಂದ. ಆದರೆ ಯಾವ ಬೆಳಕು ಕಂಡರೂ ಬ್ರಾಹ್ಮೀ ಮುಹೂರ್ತ ಅಂದುಕೊಳ್ಳುವ ಗಡಿಯಾರ ಇಟ್ಟುಕೊಂಡು ನಮ್ಮ ಪೂರ್ವಜರು ಒಂದು ಮಿಂಚಿನ ರಾತ್ರಿಯನ್ನಾದರೂ ನೆಮ್ಮದಿಯಾಗಿ ಮಲಗುತ್ತಿದ್ದರೇ? ಮೇಷ್ಟ್ರ ಗಡಿಯಾರ ಕೆಟ್ಟಿಲ್ಲ. ಬಿಟ್ಟುಬಂದ ಊರಿನ ಸೂರ್ಯನಿಗೆ ನಿಯತ್ತಾಗಿದೆ, ಅಷ್ಟೆ.

ಆದ್ದರಿಂದ ಬೀದಿಯವರಲ್ಲಿ ನನ್ನ ಮನವಿ ಇಷ್ಟು. ವಿದೇಶದಿಂದ ಬಂದವರನ್ನು ನೋಡಲು ಹೋಗುವುದಿದ್ದರೆ ಮಧ್ಯಾಹ್ನ ಮೂರಕ್ಕೇ ಹೋಗಿ, ಎಬ್ಬಿಸಿ, ಪಾರ್ಕಿಗೆ ಕರೆದುಕೊಂಡು ಹೋಗಿ. ಬೈದರೆ ಬೈಸಿಕೊಳ್ಳಿ. ಕಾರಿನ ಕೀ ಮಾತ್ರ ಅವರ ಕೈಗೆ ಕೊಡಬೇಡಿ. ಸೈಟಿನ ಮಾತು, ಸಾಲದ ಮಾತು, ಸೊಸೆಯ ಮೇಲಿನ ದೂರು ಮೂರೂ ಎರಡನೇ ವಾರದ ನಂತರ ಇರಲಿ. ಮೊದಲ ವಾರ ಅವರು ಆಡಿದ್ದನ್ನು ಯಾರೂ ಲೆಕ್ಕಕ್ಕಿಡಬೇಡಿ.